ಚಿತ್ರದಲ್ಲಿಲ್ಲದ ಅಪ್ಪ

ಐಪೀಲಿಯನ್ನು ನಾನು ಮೊದಲು ಕಂಡದ್ದು ಉತ್ತರಧ್ರುವದ ಹತ್ತಿರ, ಹೆಪ್ಪುಗಟ್ಟುವ ಕಡಲಂಚಿನ ಊರಾದ ಮಿತ್ತಿಮತಾಲಿಕ್‌ನ ಶಾಲೆಗೆ ಮೇಷ್ಟರಾಗಿ ಬಂದ ವರ್ಷ, ಏಪ್ರಿಲ್‌ನ ಒಂದು ಮಧ್ಯಾಹ್ನ, ಪನಿಕ್ಪಾಕ್ ಅಜ್ಜಿಯ ಅಡುಗೆಮನೆಯಲ್ಲಿ. ನೆಲಕ್ಕೆ ಹಾಸಿದ ರಟ್ಟಿನ ಮೇಲೆ ಸೀಲ್ ಮಾಂಸವಿತ್ತು. ಸುತ್ತ ಕುಳಿತವರು ಕೊಯ್ದು ತಿನ್ನುತ್ತಿದ್ದರು. ಕೊರಳಿಗೆ ಕ್ಯಾಮರಾ ನೇತುಹಾಕಿಕೊಂಡ ಇಪ್ಪತ್ತೆಂಟರ ಯುವಕನೊಬ್ಬ ಬಾಗಿಲಲ್ಲಿ ಬೂಟು ಕಳಚುತ್ತಿದ್ದ.

"ಬಂದ್ಯಾ ಅಪ್ಪಾ?" ಎಂದಳು ಎಪ್ಪತ್ತು ದಾಟಿದ ಅಜ್ಜಿ. "ಇವತ್ತು ಕ್ಯಾಮರಾದಲ್ಲಿ ಹೊಡೆದ ಸೀಲ್‌ನಲ್ಲಿ ಕೊಬ್ಬು ಎಷ್ಟು ಬಂತು?"

"ನಿನ್ನ ಎರಡು ಹಲ್ಲಿಗೆ ಸಾಕಾಗೋಷ್ಟು ಬಂತು, ಮಗಳೇ," ಎಂದು ಅವನು ಅವಳ ಪಕ್ಕದಲ್ಲೇ ಕುಳಿತ.

ಅವನು ಹುಟ್ಟುವ ಹಿಂದಿನ ಚಳಿಗಾಲದಲ್ಲಿ ಅಜ್ಜಿಯ ತಂದೆ ತೀರಿಕೊಂಡಿದ್ದರು. ಅವರ ಹೆಸರನ್ನೇ ಕೂಸಿಗೆ ಇಟ್ಟರು. ಅಲ್ಲಿಯವರ ನಂಬಿಕೆಯಲ್ಲಿ ಹೆಸರು ಬಂದರೆ ಆ ಮನುಷ್ಯನೇ ಬಂದಂತೆ; ಹಾಗಾಗಿ ತೊಟ್ಟಿಲ ದಿನದಿಂದಲೂ ಅವಳಿಗೆ ಅವನು ಅಪ್ಪ. ಐಪೀಲಿಯ ತಾಯಿತಂದೆ ಬದುಕಿರಲಿಲ್ಲ, ಅಣ್ಣತಮ್ಮಂದಿರು ದೂರದ ಊರುಗಳಲ್ಲಿದ್ದರು. ಊರಿನಲ್ಲಿ ಅವನನ್ನು ಸಂಬಂಧ ಹಿಡಿದು ಕರೆಯುವವಳು ಅವಳೊಬ್ಬಳೇ.

ತೆಂಕಣ ನಗರಗಳ ಪತ್ರಿಕೆಗಳು ಅವನ ಚಿತ್ರಗಳನ್ನು ಕೊಳ್ಳುತ್ತಿದ್ದವು. ಹಿಮಕರಡಿ, ನೀಲಿ ಮಂಜುಗಡ್ಡೆ, ಬರಿದಾದ ಬಯಲು ಅವರಿಗೆ ಬೇಕು, ಮನುಷ್ಯರು ಬೇಡ. ಕ್ಯಾಮರಾ ಹಿಡಿಯುವ ಮೊದಲು ತನ್ನ ಹೆಜ್ಜೆಗುರುತನ್ನು ಕೂಡ ತುಪ್ಪಟದ ತುಂಡಿನಿಂದ ಒರೆಸಿಬಿಡುವುದು ಅವನಿಗೆ ಅಭ್ಯಾಸವಾಗಿತ್ತು.

ಮರುವರ್ಷ ವಸಂತದಲ್ಲಿ ಅಜ್ಜಿಯ ಕಣ್ಣು ಮಂಜಾಯಿತು, ಹೊಟ್ಟೆಯಲ್ಲಿ ಗಡ್ಡೆಯೂ ಕಾಣಿಸಿತು. ಜೂನ್ ಕೊನೆಗೆ ದಕ್ಷಿಣದ ಆಸ್ಪತ್ರೆಗೆ ವಿಮಾನದಲ್ಲಿ ಕಳಿಸುವುದೆಂದು ತೀರ್ಮಾನವಾಯಿತು.

"ಹೋದೋಳು ಬರ್ತೀನೋ ಇಲ್ವೋ," ಎಂದಳು ಅಜ್ಜಿ. "ಅದಕ್ಕೆ ಮೊದಲು ನಾನು ಹುಟ್ಟಿದ ಕೊಲ್ಲಿ ನೋಡ್ಬೇಕು. ಅಲ್ಲೀವರೆಗೂ ಜಾರುಬಂಡಿ ಮೇಲೆ ಕೂರೋಕೆ ಸೊಂಟ ಒಪ್ಪಲ್ಲ. ನಿನ್ನ ಕ್ಯಾಮರಾ ಪೆಟ್ಟಿಗೇಲಿ ತಗೊಂಡು ಬಾ ಅಪ್ಪಾ."

ಎರಡು ದಿನದ ದಾರಿ; ಐಪೀಲಿ ಒಬ್ಬನೇ ಜಾರುಬಂಡಿಯಲ್ಲಿ ಹೋದ. ಹಿಂದೆ ಬೇಸಿಗೆ ಡೇರೆಗಳ ಅಂಚು ಗಾಳಿಗೆ ಹಾರದಂತೆ ಹೇರಿದ್ದ ಸುತ್ತುಗಲ್ಲುಗಳು ಇನ್ನೂ ಹಾಗೇ ಇದ್ದವು. ಹೊಂಬೆಳಕಿಗಾಗಿ ಕಾದು ಒಳ್ಳೆಯ ಚಿತ್ರ ತೆಗೆದ. ಫಿಲ್ಮು ವಿಮಾನದಲ್ಲಿ ದಕ್ಷಿಣಕ್ಕೆ ಹೋಗಿ, ತೊಳೆಸಿಕೊಂಡು ಬರಲು ಮೂರು ವಾರ ಹಿಡಿಯಿತು.

ಅಜ್ಜಿ ಚಿತ್ರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. "ಜಾಗ ಅದೇ. ಈ ಬಂಡೆ ಮೇಲೇ ಅಮ್ಮ ಚರ್ಮ ಒಣಗಿಸ್ತಿದ್ದಳು. ಆದ್ರೆ ಅಪ್ಪಾ, ನೀನೆಲ್ಲಿ?"

"ಚಿತ್ರ ತೆಗೆಯೋನು ಚಿತ್ರದೊಳಗೆ ಹೇಗಿರ್ತಾನೆ?"

"ಅದು ನಿನ್ನ ಕಷ್ಟ. ಅಪ್ಪ ಮನೆ ಮುಂದೆ ನಿಂತಿರೋದು ನೋಡ್ಬೇಕು ಅಂತಿತ್ತು ನನಗೆ. ಬರೀ ಕಲ್ಲು ನೋಡೋಕೆ ನಮ್ಮ ಹಿತ್ತಲಿಗೆ ಹೋದ್ರೆ ಸಾಕಾಗಿತ್ತು."

ಐಪೀಲಿಯ ಮುಖ ಕೆಂಪಾಯಿತು. ಅವಳು ಕೇಳಿದ್ದು ಕೊಲ್ಲಿಯನ್ನಲ್ಲ, ತನ್ನನ್ನು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಕಡಲ ಮೇಲಿನ ಮಂಜುಗಡ್ಡೆ ಮೆತ್ತಗಾಗಿದೆ, ಹೋಗಬೇಡ ಎಂದು ಬೇಟೆಗಾರರು ಹೇಳಿದರೂ, ಚಿತ್ರ ಕೈಗೆ ಬರುವುದು ತಡವಾದರೂ ಅವಳು ಹೊರಡುವ ಮೊದಲು ನಿಂತು ಬಂದೆ ಎಂದಾದರೂ ಹೇಳಬೇಕೆಂದು ಜೂನ್ ನಡುವಿನಲ್ಲಿ ಮತ್ತೆ ಹೊರಟ. ಕ್ಯಾಮರಾವನ್ನು ಕಲ್ಲಿನ ಮೇಲಿಟ್ಟು, ಗುಂಡಿ ಒತ್ತಿ, ಹತ್ತು ಎಣಿಸುವುದರೊಳಗೆ ಓಡಿ ಸುತ್ತುಗಲ್ಲಿನ ನಡುವೆ ನಿಂತ. ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಮರುದಿನ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಮಂಜುಗಡ್ಡೆ ಬಿರಿದು ಊರಿನ ದಾರಿ ಕಡಿದಿತ್ತು. ಕಪ್ಪು ನೀರು, ದಾಟಲಾಗದಷ್ಟು ಅಗಲ. ಒಂಬತ್ತು ದಿನ ಅವನು ಒಣಮೀನು ತಿಂದು, ಚಹಾ ಕಾಯಿಸಿಕೊಂಡು ಕಾದ. ಅಸ್ತವಾಗದ ಸೂರ್ಯ ತಲೆಯ ಸುತ್ತ ತಿರುಗುತ್ತಿದ್ದ. ಮಾತಾಡಲು ಒಂದು ಹಕ್ಕಿಯೂ ಹತ್ತಿರ ಬರಲಿಲ್ಲ. ಕಡಲಡಿಯ ದೇವತೆ ನುಲಿಯಾಯುಕ್‌ಳ ಕಥೆ ನೆನಪಾಯಿತು. ಅವಳ ಬೆರಳುಗಳನ್ನು ಕತ್ತರಿಸಿದವನು ಹೆತ್ತ ತಂದೆಯೇ. ಬೆರಳಿಲ್ಲದೆ ಅವಳು ತಲೆ ಬಾಚಿಕೊಳ್ಳಲಾರಳು. ಮನುಷ್ಯರು ತಪ್ಪಿದಾಗ ಕೂದಲು ಸಿಕ್ಕಾಗಿ, ಮುನಿದು ದಾರಿ ಕಟ್ಟುತ್ತಾಳೆ. ಕಥೆ ಮುಗಿಸಿ ಅಜ್ಜಿ ಪ್ರತಿಸಲವೂ ಅವನನ್ನು ಕೆಣಕುತ್ತಿದ್ದಳು: "ನಿಮ್ಮ ಅಪ್ಪಂದಿರ ಜಾತಿಯೇ ಇಷ್ಟು!"

ಏಳನೆಯ ದಿನ ನೀರಿನಂಚಿಗೆ ಹೋಗಿ, "ನಾನು ಆ ಥರದ ಅಪ್ಪ ಅಲ್ಲ," ಎಂದು ಜೋರಾಗಿಯೇ ಹೇಳಿದ. ಹೇಳಿದ ಮೇಲೆ, ಕೇಳುವವರು ಯಾರೂ ಇಲ್ಲದಿದ್ದರೂ, ನಾಚಿಕೆಯಾಯಿತು.

ಗಾಳಿ ತಿರುಗಿ ಬಿರುಕು ಕೂಡಿಕೊಂಡಾಗ ಹಗಲಿರುಳೆನ್ನದೆ ಊರಿಗೆ ಜಾರುಬಂಡಿ ಓಡಿಸಿದ. ಹಿಂದಿನ ದಿನವೇ ಅಜ್ಜಿಯನ್ನು ಹೊತ್ತು ವಿಮಾನ ಹೋಗಿತ್ತು. ಮುಂದಿನ ವಿಮಾನಕ್ಕೆ ಫಿಲ್ಮು ಕಳಿಸಿದ. ಚಿತ್ರ ಅಂಚೆಯಲ್ಲಿ ಬಂದಾಗ ಪನಿಕ್ಪಾಕ್ ಅಜ್ಜಿಯ ದೇಹ ಊರಿಗೆ ಬಂದು, ಮಣ್ಣಾಗಿ, ನಾಲ್ಕು ದಿನ ಕಳೆದಿತ್ತು. ಆಸ್ಪತ್ರೆಯಲ್ಲಿ ಜೊತೆಗಿದ್ದ ಅಜ್ಜಿಯ ಸೊಸೆ ಹೇಳಿದಳು: "ದಿನಾ ಕೇಳ್ತಿದ್ರು. ಅಪ್ಪ ಬಂದ್ನಾ, ಅಪ್ಪ ಬಂದ್ನಾ ಅಂತ."

ಆ ಚಳಿಗಾಲವೆಲ್ಲ ಐಪೀಲಿ ಯಾರ ಮನೆಗೂ ಉಣ್ಣಲು ಹೋಗಲಿಲ್ಲ.

ಅಜ್ಜಿಯ ಹೆಸರನ್ನು ಮುಂದೆ ಬೇರೊಂದು ಊರಿನ ಹೆಣ್ಣುಮಗುವಿಗೆ ಇಟ್ಟರು. ಆಕೆ ಈಗ ದೊಡ್ಡವಳು. ಒಮ್ಮೆ ವಿಮಾನ ನಿಲ್ದಾಣದಲ್ಲಿ ಸಿಕ್ಕಾಗ ಐಪೀಲಿ "ಮಗಳೇ" ಎಂದ. ಅವಳು ನಗುತ್ತಾ, "ನಿಮ್ಮ ಪರಿಚಯ ಆಗ್ಲಿಲ್ಲ," ಎಂದಳು.

ಈಗ ಅವನಿಗೆ ಅರವತ್ತು ದಾಟಿದೆ, ಮಂಡಿ ನೋವು. ಪತ್ರಿಕೆಗಳಿಗೆ ಕಳಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಊರಿನ ಮುದುಕರು ತಾವು ಹುಟ್ಟಿದ ಜಾಗಗಳನ್ನು ಹೇಳುತ್ತಾರೆ. ಪ್ರತಿ ವಸಂತದಲ್ಲೂ ಅವನು ಒಬ್ಬನೇ ಅಲ್ಲಿಗೆ ಹೋಗಿ, ಅವರ ಮನೆಯ ಕಲ್ಲುಗಳ ನಡುವೆ ನಿಂತು ಚಿತ್ರ ತೆಗೆದುಕೊಂಡು ಬರುತ್ತಾನೆ. ಅವರ ಅಪ್ಪಂದಿರ ಹೆಸರು ಅವನದಲ್ಲ, ಆದರೂ ನಿಲ್ಲುತ್ತಾನೆ. ಈ ವಾರ ಮುದುಕ ಇನುಆರಾಕ್‌ನಿಗಾಗಿ ಪೂರ್ವದ ಕೊಲ್ಲಿಗೆ ಹೋಗಿದ್ದಾನೆ. ಇನ್ನೂ ಬಂದಿಲ್ಲ.