ಸಡಿಲಾದ ಉಡದಾರ

ನನ್ನ ಉಡದಾರ ಈ ವಯಸ್ಸಿನಲ್ಲೂ ಬೆಳೆಯುತ್ತಿದೆ ಎಂದರೆ ನೀವು ನಗುತ್ತೀರಿ. ಎತ್ತರ ಮದುವೆಗೆ ಮೊದಲೇ ನಿಂತಿತು, ಆಮೇಲಿನದೆಲ್ಲ ಸುತ್ತಳತೆ. ದೀಪಾವಳಿಯ ಎಣ್ಣೆಸ್ನಾನದ ದಿನ ಸೊಂಟದ ಹಳೆಯ ಕರಿದಾರ ಹರಿದು ಹೊಸದು ಕಟ್ಟುವುದು ನಮ್ಮ ಮನೆಯ ಪದ್ಧತಿ. ಮಕ್ಕಳ ಹಳೇ ದಾರ ಬಿಗಿಯಾಗಿ ಚರ್ಮದ ಮೇಲೆ ಗೆರೆ ಮೂಡಿದ್ದರೆ ನಮ್ಮವ್ವನಿಗೆ ಅದೇ ಹಬ್ಬ. ನನ್ನ ಸೊಂಟದ ಗೆರೆ ನೋಡಿ ಮಾತ್ರ, "ಸಾಕಪಾ, ದಾರದ ಉಂಡಿ ಮುಗ್ಯಾಕ ಬಂತು," ಎನ್ನುತ್ತಿದ್ದಳು.

ಹಾಗಾಗಿ ಬಿಗಿಯಾಗುವ ದಾರಕ್ಕೆ ನಾನು ಹೆದರುವವನಲ್ಲ. ಸಡಿಲಾದ ದಾರ ಕಂಡರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ತೊಂಬತ್ತರ ದಶಕದ ಮಾತು. ನನ್ನ ತಂಗಿ ಶಾಂತಾಳನ್ನು ಅನಂತಪುರದ ಲಾರಿ ಡ್ರೈವರ್ ಒಬ್ಬನಿಗೆ ಕೊಟ್ಟಿದ್ದೆವು. ಅವನು ಎಂಥದೋ ಬಿಡದ ಜ್ವರದಲ್ಲಿ ತೀರಿಕೊಂಡ. ಎದೆಗೂಸು ಕಸ್ತೂರಿಯನ್ನು ಎತ್ತಿಕೊಂಡು ಶಾಂತಾ ಉಗಾರದ ನಮ್ಮ ಮನೆಗೆ ಬಂದಳು. ಪಕ್ಕದ ಮನೆಯ ಸುನಂದಾ ಕಸ್ತೂರಿಯ ವಾರಿಗೆಯವಳು. ಅವಳಿಗೆ ವರ್ಷ ವರ್ಷ ಅಂಗಿ ಗಿಡ್ಡವಾಗುತ್ತಿತ್ತು. ನಮ್ಮ ಹುಡುಗಿಗೆ ತೊಟ್ಟಿಲ ಕಾಲದ ಕುಂಚಿಗೆಯೇ ಇನ್ನೂ ಸರಿಯಾಗಿ ಕೂಡುತ್ತಿತ್ತು. ಉಡದಾರ ಹೊಸದು ಕಟ್ಟಿದರೂ ಅಳತೆ ಹಳೆಯದೇ.

ಮಾತು ಮಾತ್ರ ತನ್ನ ಪಾಡಿಗೆ ಬೆಳೆಯಿತು. ಪಡಸಾಲೆಯಲ್ಲಿ ಕೂತ ನೆಂಟರಿಗೆ ಒಳಗಿನಿಂದ ಐದಾರು ವರ್ಷದ ಹುಡುಗಿಯ ಸ್ಪಷ್ಟ ದನಿ ಕೇಳುತ್ತಿತ್ತು: "ಕೂಡ್ರಿ, ಅವ್ವ ಚಹಾ ಮಾಡಾಕತ್ತಾಳ." ಆಮೇಲೆ ಬಾಗಿಲಿನಿಂದ ಬರುತ್ತಿದ್ದುದು ಈಗಷ್ಟೇ ಹೆಜ್ಜೆ ಕಲಿತಂಥ ಕೂಸು. ನೆಂಟರ ಕಣ್ಣು ಅದರ ಬೆನ್ನ ಹಿಂದೆ ಇನ್ನೊಬ್ಬ ಹುಡುಗಿಯನ್ನು ಹುಡುಕುತ್ತಿತ್ತು. ಇನ್ನೊಬ್ಬಳು ಯಾರೂ ಇರುತ್ತಿರಲಿಲ್ಲ.

ಪುರಾಣದ ಸನಕಾದಿಗಳು ಸದಾ ಐದು ವರ್ಷದ ಬಾಲಕರು. ಕಾಲೇಜಿನಲ್ಲಿ ಓದುವಾಗ ಎಂಥ ಭಾಗ್ಯವಪ್ಪ ಎಂದುಕೊಂಡಿದ್ದೆ. ಅವರು ಬ್ರಹ್ಮನ ಮನಸ್ಸಿನಿಂದ ಹುಟ್ಟಿದವರು, ಅವರ ಬಗ್ಗೆ ಚಿಂತೆ ಮಾಡಲು ತಾಯಿ ಎಂಬುವಳು ಇರಲಿಲ್ಲ ಎಂಬುದು ಶಾಂತಾಳ ಮುಖ ನೋಡಿದ ಮೇಲೆ ಹೊಳೆಯಿತು.

ಅವ್ವ ತನಗೆ ತಿಳಿದ ಕಾರಣ ಕಂಡುಹಿಡಿದಳು. "ನೀ ದಾರ ಬಿಗಿ ಕಟ್ಟೀದಿ ಶಾಂತಾ, ಅದಕ್ಕ ಕೂಸು ಬೆಳ್ಯಾಕ ಒಲ್ಲದು." ಆ ದೀಪಾವಳಿಗೆ ತಾನೇ ಎರಡು ಬೆರಳು ಸಡಿಲು ಬಿಟ್ಟು ಕಟ್ಟಿದಳು. ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಪಡಸಾಲೆಯ ನಡುವೆ ಕಪ್ಪಗೆ ಏನೋ ಸುರುಳಿ ಬಿದ್ದಿತ್ತು. ಹಾವೆಂದು ಹಿಂದೆ ಜಿಗಿದೆ. ಉಡದಾರ! ಗಂಟು ಬಿಚ್ಚಿರಲಿಲ್ಲ, ದಾರ ಹರಿದಿರಲಿಲ್ಲ. ಒಳಗಿದ್ದ ಸೊಂಟವೇ ಕರಗಿಹೋದ ಹಾಗಿತ್ತು. ಆಗಲೇ ಬೆನ್ನ ಹಿಂದಿನಿಂದ ದನಿ ಬಂತು: "ಮಾಮಾ, ನನ್ನ ಉಡದಾರ ಸಿಕ್ಕತೇನ?" ಅಷ್ಟು ದೊಡ್ಡ ಮೈಯ ನಾನು ಗಡಗಡ ನಡುಗಿದೆ.

ಮರುದಿನವೇ ತಾಯಿ ಮಗಳನ್ನು ಮಿರಜದ ದವಾಖಾನೆಗೆ ಕರೆದೊಯ್ದೆ. ಇಬ್ಬರ ರಕ್ತವನ್ನೂ ಪರೀಕ್ಷೆಗೆ ತೆಗೆದುಕೊಂಡರು. ಫಲಿತಾಂಶಕ್ಕೆ ಮತ್ತೊಮ್ಮೆ ಹೋದಾಗ ಡಾಕ್ಟರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದರು: "ನಿಮಗೂ ಎಚ್‌ಐವಿ ಐತಿ ಅವ್ವಾ. ಹುಟ್ಟೂದ್ರಾಗನ ನಿಮ್ಮಿಂದ ಕೂಸಿಗೆ ಬಂದೈತಿ. ಅದಕ್ಕ ಬೆಳವಣಿಗಿ ನಿಂತೈತಿ. ಇದು ಹೋಗೂ ಔಷಧ ಇಲ್ರಿ. ಚಲೋತ್ನಾಗಿ ಉಣಸ್ರಿ, ಜ್ವರಾ ಬಂದ್ರ ತಡಾ ಮಾಡಬ್ಯಾಡ್ರಿ. ಎಷ್ಟ ದಿವ್ಸ ಅಂತ ಹೇಳಾಕ ಬರಾಂಗಿಲ್ಲ."

ಶಾಂತಾ ತನ್ನ ಬಗ್ಗೆ ಏನೂ ಕೇಳಲಿಲ್ಲ. "ನಾ ದಾರ ಬಿಗಿ ಕಟ್ಟಿದ್ದಕ್ಕ ಅಲ್ಲಲ್ರಿ?" ಎಂದಳು.

"ಅಲ್ಲವಾ," ಎಂದರು ಡಾಕ್ಟರು. ಅಲ್ಲಿಯವರೆಗೆ ಕಲ್ಲಿನಂತೆ ಕೂತವಳು ಆಗ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ.

ಸ್ಟೇಶನ್ನಿಗೆ ಬಂದೆವು. ನಮ್ಮ ಕಡೆಯ ಮಕ್ಕಳಿಗೆ ರೈಲಿನಲ್ಲಿ ಐದು ತುಂಬುವುದೇ ಇಲ್ಲ, ಗೊತ್ತಲ್ಲ? ಮೀಸೆ ಚಿಗುರಿದವನನ್ನೂ ತೊಡೆಯ ಮೇಲೆ ಕೂಡಿಸಿಕೊಂಡು ಟಿಸಿಯ ಮುಂದೆ ಪಾಪು ಅನ್ನುವವರು ನಾವು. ನಾನು ಎರಡು ಟಿಕೆಟ್ ಕೇಳಿದೆ. ಶಾಂತಾ ನನ್ನನ್ನು ಸರಿಸಿ ಕಿಂಡಿಗೆ ಬಂದಳು.

"ಇನ್ನೊಂದ ಅರ್ಧಾ ತಿಕೀಟ ಕೊಡ್ರಿ."

ಕಾರಕೂನ ಅವಳ ಕಂಕುಳಿನತ್ತ ಇಣುಕಿ, "ಲಹಾನ ಪೋರ ಆಹೆ ಬಾಯಿ, ತಿಕೀಟ ನಕೋ," ಎಂದು ಮರಾಠಿಯಲ್ಲಿ ಹೇಳಿ, ಸಣ್ಣ ಕೂಸಿಗೆ ಟಿಕೆಟ್ ಬೇಡವೆಂದು ನಕ್ಕ.

"ಸಣ್ಣ ಕೂಸಲ್ರಿ. ಆರು ತುಂಬ್ಯಾವ ಅಕಿಗೆ. ಆರು ವರ್ಷ ಬಾಳ್ವಿ ಮಾಡ್ಯಾಳ. ಕೊಡ್ರಿ."

ಅವನ ನಗು ನಿಂತಿತು. ಟಿಕೆಟ್ ಕೊಟ್ಟ. ಕಸ್ತೂರಿ ಅದನ್ನು ಮುಷ್ಟಿಯಲ್ಲಿ ಹಿಡಿದಳು.

ಗಾಡಿ ತುಂಬಿತ್ತು. ಹೇಗೋ ಹೊಂದಿಸಿಕೊಂಡು ಶಾಂತಾ ಕೂತಳು, ಮಗಳನ್ನು ತೊಡೆಯ ಮೇಲಲ್ಲ, ಪಕ್ಕದಲ್ಲಿ ಕೂಡಿಸಿದಳು. ತಲೆಗೆ ಪಟಗ ಸುತ್ತಿದ ಹಿರಿಯರೊಬ್ಬರು ಬಂದು, "ತಂಗೀ, ಕೂಸಿನ್ನ ಎತ್ಕೋಬೇ, ನಾ ಕೂಡ್ತೀನಿ," ಎಂದರು.

"ನಂದೂ ತಿಕೀಟ ಐತ್ರಿ," ಎಂದಿತು ಆ ಕೂಸು.

ಹಿರಿಯರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು. ಆ ಪುಟ್ಟ ಮುಖವನ್ನು, ಮುಂದೆ ಚಾಚಿದ ಟಿಕೆಟ್ಟನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೇಲಿನ ಸರಳು ಹಿಡಿದು, "ಕೂಡ್ರಿ ಅಕ್ಕಾರ, ಕೂಡ್ರಿ," ಎಂದರು. ಉಗಾರ ಬರುವವರೆಗೆ ಅವರೂ ನಾನೂ ನಿಂತೇ ಬಂದೆವು.