ಕಪ್ಪು ಗೆರೆ, ಕೆಂಪು ಸೀರೆ

ಆ ದ್ವೀಪದ ತಂಡದಲ್ಲಿ ಇದ್ದವರು ನಾಲ್ಕೇ ಜನ. ಇಡೀ ದೇಶದ ತಂಡ ನಮ್ಮ ವ್ಯಾನಿನಲ್ಲಿ ಹಿಡಿಸಿ, ಇನ್ನೂ ಸೀಟು ಮಿಕ್ಕಿತ್ತು. ಸಿಯಾಟಲ್ ಸುತ್ತಮುತ್ತ ನಡೆಯುತ್ತಿದ್ದ ಅಂತರರಾಷ್ಟ್ರೀಯ ಕ್ರೀಡಾಕೂಟಕ್ಕೆ ಸ್ವಯಂಸೇವಕಿಯಾಗಿ ಹೆಸರು ಕೊಟ್ಟಾಗ, ಯಾವುದಾದರೂ ದೊಡ್ಡ ದೇಶದವರ ಪಕ್ಕ ನಿಂತು ಟೀವಿಯಲ್ಲಿ ಕಾಣಿಸಿಕೊಳ್ಳಬಹುದು ಅಂತ ಒಳಗೊಳಗೇ ಆಸೆಯಿತ್ತು, ಸುಳ್ಳೇಕೆ ಹೇಳಲಿ. ಸಿಕ್ಕಿದ್ದು ಭೂಪಟದಲ್ಲಿ ಕನ್ನಡಕ ಹಾಕಿಕೊಂಡು ಹುಡುಕಬೇಕಾದ ದ್ವೀಪ. ಇದಕ್ಕಾ ರೆಡ್ಮಂಡಿನ ಆಫೀಸಿಗೆ ರಜೆ ಹಾಕಿದೆ ಅನ್ನಿಸಿತು.

ಒಬ್ಬ ಭಾರ ಎತ್ತುವವನು, ಒಬ್ಬ ಓಡುವವನು, ಈಜುವ ಒಬ್ಬ ಹುಡುಗಿ, ಅವಳ ಚಿಕ್ಕಮ್ಮ. ಕೋಚ್, ಮ್ಯಾನೇಜರ್, ಎಲ್ಲರ ಬಟ್ಟೆ ಒಗೆಯುವವರು, ಎಲ್ಲಾ ಆ ಚಿಕ್ಕಮ್ಮನೇ. ಟೋಟೆಮ್ ಲೇಕಿನ ನಮ್ಮ ಮನೆ ಹತ್ತಿರದ ಹೋಟೆಲಿನಿಂದ ಅವರನ್ನು ಹತ್ತಿಸಿಕೊಂಡ ಮೊದಲ ದಿನವೇ ನಾನು ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನದ ಡಬ್ಬಿ ಖಾಲಿಯಾಯಿತು. ಆಮೇಲೆ ರಜೆಯ ಬೇಜಾರು ಎಲ್ಲಿಗೆ ಹೋಯಿತೋ!

ಹುಡುಗಿ ಈಜುವುದನ್ನು ಅಭ್ಯಾಸದ ದಿನ ನೋಡಿದೆ. ತೋಳಿನಲ್ಲಿ ಏನು ಬಲ! ಆದರೆ ಅರ್ಧ ದಾರಿಗೆ ಬರುವಷ್ಟರಲ್ಲಿ ಓರೆಯಾಗಿ ಹೋಗಿ ಪಕ್ಕದ ಲೇನಿನ ಹಗ್ಗಕ್ಕೆ ಸಿಕ್ಕಿಹಾಕಿಕೊಳ್ಳುತ್ತಿದ್ದಳು. ಮತ್ತೆ ಈಜಿದಳು, ಮತ್ತೆ ಅದೇ. ನನಗೆ ತಡೆಯಲಾಗಲಿಲ್ಲ. "ಅಯ್ಯೋ, ನೆಟ್ಟಗೆ ಹೋಗೇ ಮಾರಾಯ್ತಿ!" ಅಂತ ಅಪ್ಪಟ ಕನ್ನಡದಲ್ಲೇ ಕೂಗಿಬಿಟ್ಟೆ.

ಚಿಕ್ಕಮ್ಮ ನಗಲಿಲ್ಲ. ನಮ್ಮಿಬ್ಬರ ಮಾತು ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಇಬ್ಬರದ್ದೂ ತಡವರಿಸುವ ಇಂಗ್ಲಿಷೇ ಆದ್ದರಿಂದ ಸಂಕೋಚವಿರಲಿಲ್ಲ. "ಕೊಳದ ತಳದಲ್ಲಿ ಕಪ್ಪು ಗೆರೆ ಇದೆಯಲ್ಲ, ಅದೇ ಕಷ್ಟ" ಎಂದರು. ಅವರ ಊರಿನಲ್ಲಿ ಈಜುಕೊಳವಿಲ್ಲ. ಮಕ್ಕಳು ಈಜು ಕಲಿಯುವುದು ದಡದ ತಿಳಿನೀರಿನಲ್ಲಿ. ಕೆಳಗೆ ಕಪ್ಪಗೆ ಕಂಡರೆ ಅಲ್ಲಿಂದಾಚೆ ಆಳ, ತಕ್ಷಣ ತಿರುಗಬೇಕು ಅಂತ ನಡೆಯಲು ಕಲಿಯುವಾಗಲೇ ಹೇಳಿಕೊಟ್ಟಿರುತ್ತಾರೆ. ಇಲ್ಲಿ ನೋಡಿದರೆ ಆ ಕಪ್ಪಿನ ಮೇಲೆಯೇ ಈಜಬೇಕು! ಹುಡುಗಿಯ ಮನಸ್ಸು ಒಪ್ಪಿದರೂ ಮೈ ಒಪ್ಪುತ್ತಿರಲಿಲ್ಲ.

"ಹಿಂದಿನ ಸಲ ನಮ್ಮ ಈಜುಗಾರ್ತಿ ಪಕ್ಕದ ಲೇನಿಗೆ ನುಗ್ಗಿ ಅನರ್ಹಳಾದಳು. ನಮ್ಮ ದೇಶದ ಹೆಸರಿನ ಮುಂದೆ ಈಜಿನಲ್ಲಿ ಇವತ್ತಿಗೂ ದಾಖಲಾದ ಒಂದು ಟೈಮ್ ಇಲ್ಲ" ಎಂದರು. ನೀರಿನಿಂದ ಕಣ್ಣು ತೆಗೆಯದೆ, "ಅವಳು ನಾನೇ" ಎಂದರು.



ಊರಿನಲ್ಲಾದರೆ ಹೇಗೆ ನೆಟ್ಟಗೆ ಈಜುತ್ತೀರಿ ಅಂತ ಕೇಳಿದೆ. ದಡದಲ್ಲಿ ಯಾರಾದರೂ ಕೆಂಪು ಬಟ್ಟೆ ಹಿಡಿದು ನಿಲ್ಲುತ್ತಾರಂತೆ, ತಲೆಯೆತ್ತಿ ಅದನ್ನೇ ನೋಡುತ್ತಾ ಬರುವುದಂತೆ. ತಲೆಯೆತ್ತಿ ಈಜಿದರೆ ನಿಧಾನವಾಗುತ್ತದೆ, ನಿಯಮದ ಪ್ರಕಾರ ತಪ್ಪೇನಲ್ಲ. ಆದರೆ ಗ್ಯಾಲರಿಯಲ್ಲಿ ಬ್ಯಾನರು, ಬಟ್ಟೆ ಹಿಡಿಯುವ ಹಾಗಿಲ್ಲ. ಕುರ್ಚಿಗಳು ನೀಲಿ, ಇವರ ಜೆರ್ಸಿಯೂ ನೀಲಿ.

"ಹಿಡಿಯುವ ಹಾಗಿಲ್ಲ ತಾನೇ? ಉಟ್ಕೊಂಡ್ ಬರ್ತೀನಿ ಬಿಡಿ" ಎಂದೆ.

ಸ್ಪರ್ಧೆಯ ದಿನ ಬೆಳಿಗ್ಗೆ ನನ್ನ ಮದುವೆಯ ಕೆಂಪು ರೇಷ್ಮೆ ಸೀರೆಯ ನೆರಿಗೆ ಹಿಡಿಯುತ್ತಿದ್ದಾಗ ನಮ್ಮ ಯಜಮಾನರು ಕಾಫಿ ಲೋಟ ಹಿಡಿದು ಬಂದರು. "ಏನೇ ಇದು, ಬಾಥೆಲ್ ದೇವಸ್ಥಾನಕ್ಕೆ ಹೋಗ್ತಿದೀಯಾ?"

"ಇಲ್ಲಾರೀ, ಸ್ವಿಮ್ಮಿಂಗ್ ಪೂಲಿಗೆ."

"ಇನ್ನು ನಾನೇನೂ ಕೇಳಲ್ಲ ಬಿಡು" ಅಂತ ಹೋಗಿಬಿಟ್ಟರು.

ಅವಳು ಈಜಬೇಕಾದದ್ದು ಕೊಳದ ಉದ್ದ ಒಂದೇ ಸಲ. ಮುಟ್ಟುವ ಕೊನೆಯಲ್ಲಿದ್ದ ಗ್ಯಾಲರಿಯಲ್ಲಿ, ಅವಳ ಲೇನಿಗೆ ನೇರವಾಗಿ ನಿಂತೆ. ಚಿಕ್ಕಮ್ಮ ಕೆಳಗೆ ಕೋಚುಗಳ ಸಾಲಿನಲ್ಲಿದ್ದರು. ಸೀಟಿ ಊದಿದರು, ಎಲ್ಲರೂ ಧುಮುಕಿದರು. ಉಳಿದವರು ಗೋಡೆ ಮುಟ್ಟಿ ಮುಗಿಸುವ ಹೊತ್ತಿಗೆ ನಮ್ಮ ಹುಡುಗಿ ಅರ್ಧ ದಾರಿಯಲ್ಲಿದ್ದಳು. ಒಮ್ಮೆ ತಲೆ ತಗ್ಗಿಸಿದಳು. ಅಷ್ಟೇ, ಹಗ್ಗದ ಕಡೆ ವಾಲತೊಡಗಿದಳು. ಸೆರಗನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಎತ್ತಿ ಹಿಡಿದೆ. "ಮೇಡಂ, ದಯವಿಟ್ಟು ಕೂತ್ಕೊಳ್ಳಿ" ಅಂತ ಕಾವಲಿನ ಹುಡುಗಿ ಓಡಿಬಂದಳು. "ಕೂತ್ಕೊಳಲ್ಲ! ಇದು ಬ್ಯಾನರ್ ಅಲ್ಲ, ನನ್ನ ಬಟ್ಟೆ!" ಎಂದೆ. ಪಾಪ, ಅವಳಿಗೆ ಅದಕ್ಕೆ ಯಾವ ನಿಯಮವೂ ಸಿಗಲಿಲ್ಲ.

ನೀರಿನಲ್ಲಿ ತಲೆ ಮೇಲೆದ್ದಿತು. ನನ್ನನ್ನೇ ನೋಡುತ್ತಾ, ನನ್ನ ಕಡೆಗೇ ಬಂದಳು. ಬಂದು ಗೋಡೆ ಮುಟ್ಟಿದಳು. ಎಲ್ಲರಿಗಿಂತ ಕೊನೆ. ದೊಡ್ಡ ಪರದೆಯ ಮೇಲೆ ಅವಳ ದೇಶದ ಹೆಸರು, ಪಕ್ಕದಲ್ಲಿ ಟೈಮ್.

ಚಿಕ್ಕಮ್ಮ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು. ನಾನು ಪರದೆ ತೋರಿಸಿದೆ. ಅವರು ಅತ್ತ ತಿರುಗಲೇ ಇಲ್ಲ, ನನ್ನ ಸೆರಗಿನ ಅಂಚು ಹಿಡಿದುಕೊಂಡು ನಿಂತರು.

"ಆವತ್ತು ನಾನೂ ತಲೆ ಎತ್ತಿ ನೋಡಿದ್ದೆ. ಯಾರೂ ನಿಂತಿರಲಿಲ್ಲ" ಎಂದರು.