ಇದ್ದಿಲಲ್ಲಿ ಬರೆದ ಹೆಸರು

ಅಂದು ಮಳೆ ಬಂದು, ಪೋಸ್ಟರಿನ ಮೇಲೆ ನಟಿಯೊಬ್ಬರು ಬರೆದ ತಮ್ಮ ಹೆಸರು ತೊಳೆದುಹೋಯಿತು ಎಂದು ಬಹಳ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ಆ ಮಳೆಯ ಸದ್ದೂ ನನಗೀಗ ಕೇಳುತ್ತದೆ. ಮಳೆ ಬಂದಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಯಾವುದೋ ವರ್ಷ. ಸಿಂದಗಿಯಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಗೆಳೆಯನ ಫೋಟೊ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಸೇರಿ ಪದ್ಯ ಓದುತ್ತಿದ್ದೆವು, ಆಗಾಗ ನಾಟಕ ಆಡುತ್ತಿದ್ದೆವು. ಪೋಸ್ಟರ್ ನನ್ನ ಪಾಲಿನ ಕೆಲಸ. ಅಚ್ಚು ಹಾಕಿಸುವುದು ನನಗೆ ಒಗ್ಗುತ್ತಿರಲಿಲ್ಲ. ಹಳೆಯ ಪೇಪರಿಗೆ ಗೋಂದು ಕಲಸಿದ ಸುಣ್ಣ ಬಳಿದು, ಒಣಗಿದ ಮೇಲೆ ಒಂದೊಂದನ್ನೂ ಕೈಯಿಂದಲೇ ಬರೆಯುತ್ತಿದ್ದೆ. ಸುಣ್ಣದಡಿ ಹಳೆಯ ಸುದ್ದಿ ಮಸುಕಾಗಿ ಕಾಣುತ್ತಿತ್ತು. ಅದನ್ನೇ ದೊಡ್ಡ ಪ್ರಯೋಗವೆಂದು ತಿಳಿದಿದ್ದೆ.

ಆ ಸಲ ಬಸವನ ಬಾಗೇವಾಡಿಯಿಂದ ಆ ನಟಿ ಬಂದರು. ಕಂಪನಿ ನಾಟಕಗಳಲ್ಲಿ ಮೆರೆದವರು. ನಲವತ್ತು ದಾಟಿದ ಮೇಲೆ ಯಾರೂ ಕರೆದಿರಲಿಲ್ಲ. ನಮ್ಮ ಕಡೆ ಜನ ನಾಟಕದ ಹೆಸರು ನೋಡಿ ಬರುವುದಿಲ್ಲ, ನಟಿಯ ಹೆಸರು ನೋಡಿ ಬರುತ್ತಾರೆ. ಅವರು ಕೇಳಿದ್ದೂ ಅದೊಂದನ್ನೇ.

"ನನ್ನ ಹೆಸರ ದೊಡ್ಡದಾಗಿ ಬರೀರಿ ಮಾಸ್ತರ್ರ. ಇಂಡಿ ಊರಾಗ ನಾಟಕ ಕಂಪನಿ ಕ್ಯಾಂಪ್ ಐತಿ. ಅದರ ಮಾಲಕರು ಐತವಾರ ಇಲ್ಲೇ ಬಸ್ ಬದಲಿಸ್ತಾರ. ಕಂಡ್ರ ಕರೀತಾರ."

ನಾನು ಬರೆದದ್ದು ಬಾಗಿದ ಬೆನ್ನಿನಂಥ ಒಂದೇ ದಪ್ಪ ಗೆರೆ. ಕೆಳಗೆ ಜಾಗ, ವೇಳೆ. ಎಲ್ಲ ಹಾಳೆಗಳೂ ಹೀಗೇ. ಹೆಸರು ತೋರಿಸಿ ಜನ ಕೂಡಿಸುವುದು ಕಂಪನಿಗಳ ಚಾಳಿ ಎಂದು ನಂಬಿದ್ದೆ.

"ಈ ಗೆರಿ ಯಾರ್ರಿ?"

"ನೀವೇ ಅಕ್ಕಾರ."

"ಹಂಗಾರ ಪಾರ್ಟೂ ಇದಕ್ಕ ಕೊಡ್ರಿ. ಬಾಯಿಪಾಠ ಮಾಡೂದು ನನಗ ತಪ್ಪತೈತಿ."

ಗೆಳೆಯ ನಕ್ಕ. ಅವರು ನಗಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ, ಚಹಾದಂಗಡಿಯಿಂದ ಇದ್ದಿಲು ಇಸಿದುಕೊಂಡು, ಗೋಡೆಯ ಮೇಲಿನ ಪೋಸ್ಟರಿನಲ್ಲಿ ಗೆರೆಗೆ ಅಡ್ಡಲಾಗಿ ತಮ್ಮ ಹೆಸರು ಬರೆದರು. ಸೊಟ್ಟ ಅಕ್ಷರ. ಶನಿವಾರ ಸಂಜೆ ಅದನ್ನು ಕಂಡು, ಚಿತ್ರ ಕೆಟ್ಟಿತೆಂದು ಸಿಟ್ಟಾಗಿ, ಅದರ ಮೇಲೆ ಬರೀ ಗೆರೆಯ ಇನ್ನೊಂದು ಹಾಳೆ ಅಂಟಿಸಿಬಿಟ್ಟೆ. ಕೈ ನಡುಗಿತೆಂದು ಬರೆಯಲು ಮನಸ್ಸಾಗುತ್ತಿದೆ. ನಡುಗಿದ್ದು ನೆನಪಿಲ್ಲ.

ಭಾನುವಾರ ಮಧ್ಯಾಹ್ನ ಮಾಲಕರು ಬಂದರು. ಚಹಾ ಕುಡಿಯುತ್ತ ಗೋಡೆ ನೋಡಿ, "ಇದೇನಪಾ, ಸೊಂಟನೋವಿನ ಔಷಧದ್ದೇನ?" ಅಂದರಂತೆ. ಚಹಾ ಕೊಡುವ ಹುಡುಗನಿಗೂ ಗೊತ್ತಿರಲಿಲ್ಲ. ಮಾಲಕರು ಮುದ್ದೇಬಿಹಾಳದ ಬಸ್ ಹತ್ತಿದರು. ಗೆಳೆಯ ಇದನ್ನು ಕೇಳಿಕೊಂಡು ಬಂದು ನನಗೆ ಹೇಳಿದಾಗ ನಾಟಕಕ್ಕೆ ಇನ್ನೂ ಎರಡು ತಾಸಿತ್ತು. ಅಕ್ಕಾರಿಗೆ ಹೇಳಬೇಡ ಅಂದೆ.

ಕೋಣೆಯಲ್ಲಿ ಹನ್ನೊಂದು ಜನ, ಅದರಲ್ಲಿ ಆರು ನಾವೇ. ಅವರು ಹೇಗೆ ಆಡಿದರೆಂದು ಹೇಳಲಾರೆ. ಪ್ರತಿ ಸಲ ಬಾಗಿಲು ಸದ್ದಾದಾಗ ಅವರ ಕಣ್ಣು ಅತ್ತ ಹೋಗುತ್ತಿತ್ತು; ನಾನು ಆ ಕಣ್ಣನ್ನಷ್ಟೇ ನೋಡುತ್ತಿದ್ದೆ.

ಮುಗಿದ ಮೇಲೆ, ಕೊಬ್ಬರಿ ಎಣ್ಣೆಯಿಂದ ಮುಖದ ಬಣ್ಣ ಒರೆಸಿಕೊಳ್ಳುತ್ತ ಕೇಳಿದರು:

"ಮಾಲಕರು ಇವತ್ತ ಈ ಕಡೆ ಬಂದಿದ್ದಿಲ್ಲೇನ್ರಿ?"

"ಬಂದಿದ್ದಿಲ್ಲ ಅಕ್ಕಾರ."

"ಹೌದಾ?" ಅವರ ಮುಖ ಅರಳಿತು. "ಹಂಗಾರ ಬರೂ ಐತವಾರ ನೋಡ್ತಾರ. ಸ್ಟ್ಯಾಂಡಿನಾಗಿನ ಹಾಳಿ ಹರೀಬ್ಯಾಡ್ರಿ ಮತ್ತ. ಹಂಗ ಇರ್ಲಿ."

ಹೂಂ ಅಂದೆ. ಮರುದಿನ ಮುಂಜಾನೆ ಅವರ ಬಸ್ಸು ಅದೇ ಗೋಡೆಯ ಮುಂದೆ ಬಂದು ನಿಲ್ಲುವುದಿತ್ತು. ನಾನು ಕಳಿಸಲು ಹೋಗಲಿಲ್ಲ.